ಮನೆಯೊಳಗಿನ ಬಣ್ಣ: ಪೇಂಟ್ ಅಂಗಡಿಗೆ ಹೋಗುವ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಮನೆ ಕಟ್ಟಿಸಿದವರು, ಫ್ಲ್ಯಾಟ್ ಕೊಂಡವರು, ಮದುವೆಗೋ ಹಬ್ಬಕ್ಕೋ ಮನೆಗೆ ಬಣ್ಣ ಹೊಡೆಸಲು ಹೊರಟವರು ಕೇಳುವ ಪ್ರಶ್ನೆಗಳು ಇಲ್ಲಿವೆ. ನಮ್ಮ ಬಿಸಿಲು, ನಮ್ಮ ಮಳೆ, ನಮ್ಮ ನೆಲ, ನಮ್ಮ ಅಂಗಡಿಗಳಲ್ಲಿ ಸಿಗುವ ಬಲ್ಬು ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡೇ ಉತ್ತರ ಬರೆದಿದ್ದೇನೆ.

ಮೊದಲು ಏನು ಆರಿಸಬೇಕು? ಗೋಡೆ ಬಣ್ಣವಾ, ಸೋಫಾನಾ?

ಗೋಡೆ ಬಣ್ಣ ಎಲ್ಲಕ್ಕಿಂತ ಕೊನೆಗೆ. ಬಹಳ ಜನ ಉಲ್ಟಾ ಮಾಡುತ್ತಾರೆ. ಮೊದಲು ಗೋಡೆಗೆ ಹೊಡೆಸಿ, ಆಮೇಲೆ ಅದಕ್ಕೆ ಹೊಂದುವ ಸೋಫಾ ಬಟ್ಟೆ ಹುಡುಕುತ್ತಾ ಊರೆಲ್ಲ ಸುತ್ತುತ್ತಾರೆ.

ನೆಲ, ಅಡುಗೆಮನೆಯ ಗ್ರಾನೈಟ್ ಕಟ್ಟೆ, ತೇಗದ ಬಾಗಿಲು, ಕಿಟಕಿಯ ದಿಕ್ಕು ಇವು ಸುಲಭಕ್ಕೆ ಬದಲಾಗುವಂಥವಲ್ಲ. ಸೋಫಾ, ಪರದೆ, ವಾರ್ಡ್ರೋಬಿನ ಸನ್ಮೈಕಾ ಒಂದಿಷ್ಟು ಬಣ್ಣಗಳಲ್ಲಿ ಮಾತ್ರ ಸಿಗುತ್ತವೆ. ಪೇಂಟ್ ಹಾಗಲ್ಲ. ಅಂಗಡಿಯ ಟಿಂಟಿಂಗ್ ಮಷೀನು ಸಾವಿರಾರು ಶೇಡ್ ಕಲಸಿ ಕೊಡುತ್ತದೆ. ಬದಲಾಗದ ವಸ್ತುಗಳನ್ನು ಮೊದಲು ನೋಡಿ, ಅವುಗಳ ಜೊತೆ ಜಗಳ ಆಡದ ಪೇಂಟನ್ನು ಕೊನೆಗೆ ಆರಿಸಿ.

ಶೇಡ್ ಕಾರ್ಡ್‌ನಲ್ಲಿ ಚೆನ್ನಾಗಿದ್ದ ಬಣ್ಣ ಗೋಡೆ ಮೇಲೆ ಬೇರೆ ಥರ ಕಾಣುತ್ತದಲ್ಲ, ಯಾಕೆ?

ಕಾರ್ಡ್‌ನಲ್ಲಿರುವುದು ಸ್ಟ್ಯಾಂಪಿನಷ್ಟು ಚೂರು. ಅದೇ ಬಣ್ಣ ನಾಲ್ಕು ಗೋಡೆಗೂ ಬಂದಾಗ ಒಂದು ಗೋಡೆಯ ಬಣ್ಣದ ಬೆಳಕು ಇನ್ನೊಂದರ ಮೇಲೆ ಬೀಳುತ್ತದೆ. ಬಣ್ಣ ಇನ್ನೂ ಜೋರಾಗುತ್ತದೆ. ಕಾರ್ಡ್‌ನಲ್ಲಿ ತಿಳಿ ಹಳದಿ ಅನ್ನಿಸಿದ್ದು ರೂಮಿನಲ್ಲಿ ನಿಂಬೆಹಣ್ಣಿನ ಸಿಪ್ಪೆಯ ಬಣ್ಣ ಆಗುವುದು ಹೀಗೆ. ಅದಕ್ಕೇ ಕಾರ್ಡ್‌ನಲ್ಲಿ ಇಷ್ಟವಾದದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾದದ್ದು, ಸ್ವಲ್ಪ ಬೂದು ಬೆರೆತದ್ದು ತೆಗೆದುಕೊಂಡರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಇನ್ನೊಂದು ಕಾರಣ, ಪಕ್ಕದ ಬಣ್ಣ. ಪ್ಯಾರಿಸ್‌ನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ. ನಿಮ್ಮ ಕಪ್ಪು ನೂಲು ಸಾಕಷ್ಟು ಕಪ್ಪಗಿಲ್ಲ ಎಂದು ಅವನಿಗೆ ದೂರು ಬರುತ್ತಿತ್ತು. ಪರೀಕ್ಷೆ ಮಾಡಿದರೆ ನೂಲಿನಲ್ಲಿ ದೋಷವೇ ಇಲ್ಲ. ಕಪ್ಪಿನ ಪಕ್ಕ ನೇಯ್ದಿದ್ದ ನೀಲಿ, ನೇರಳೆ ಬಣ್ಣಗಳಿಂದ ಅದು ಮಂಕಾಗಿ ಕಾಣುತ್ತಿತ್ತು. ಈ ವಿಷಯವನ್ನು ಅವನು 1839ರಲ್ಲಿ ವಿವರವಾಗಿ ಬರೆದ. ನಮ್ಮ ಮನೆಯಲ್ಲೂ ಅಷ್ಟೇ. ಹಳೆಯ ಗುಲಾಬಿ ಗೋಡೆ ಮೇಲೆ ಒಂದು ಪಟ್ಟಿ ಹೊಸ ಬಣ್ಣ ಬಳಿದು ನೋಡಿದರೆ, ಹಳೆ ಗುಲಾಬಿ ಹೊಸ ಬಣ್ಣವನ್ನು ಹಸಿರಿನ ಕಡೆಗೆ ತಳ್ಳುತ್ತದೆ.

ಆದ್ದರಿಂದ ಗೋಡೆ ಮೇಲೆ ಬಳಿಯಬೇಡಿ. ದೊಡ್ಡ ಬಿಳಿ ಚಾರ್ಟ್ ಬೋರ್ಡ್ ತಂದು ಎರಡು ಕೋಟ್ ಹೊಡೆಯಿರಿ. ಪೂರ್ತಿ ಒಣಗಲಿ, ಎಮಲ್ಷನ್ (ನೀರಿನಲ್ಲಿ ಕಲಸುವ ಗೋಡೆ ಪೇಂಟ್) ಹಸಿ ಇದ್ದಾಗ ತಿಳಿಯಾಗಿ ಕಂಡು ಒಣಗಿದ ಮೇಲೆ ಗಾಢವಾಗುತ್ತದೆ. ಆಮೇಲೆ ಬೋರ್ಡಿನ ಕೆಳಗಿನ ಅಂಚು ನೆಲಕ್ಕೆ ತಾಗುವಂತೆ ಗೋಡೆಗೆ ಒರಗಿಸಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಲೈಟ್ ಹಾಕಿದ ಮೇಲೆ ಒಮ್ಮೊಮ್ಮೆ ನೋಡಿ. ಕಿಟಕಿ ಪಕ್ಕ ಇಡಿ, ಕಿಟಕಿಯ ಎದುರೂ ಇಡಿ. ಒಂದೇ ಬೋರ್ಡು ಎರಡು ಕಡೆ ಎರಡು ಬಣ್ಣವಾಗಿ ಕಾಣುತ್ತದೆ.

ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಅಕ್ಕನಿಗೋ ಭಾವನಿಗೋ ಕಳಿಸಿ ತೀರ್ಮಾನ ಮಾಡಬೇಡಿ. ಫೋನ್ ಕ್ಯಾಮೆರಾ ತಾನಾಗಿಯೇ ಬಣ್ಣ ಸರಿಪಡಿಸಿಬಿಡುತ್ತದೆ.

ಉತ್ತರದ ರೂಮು ತಂಪು, ಅದಕ್ಕೆ ಬೆಚ್ಚಗಿನ ಬಣ್ಣ ಬೇಕು ಅಂತಾರೆ. ನಿಜವಾ?

ಲಂಡನ್‌ನಲ್ಲಿ ನಿಜ. ಅಲ್ಲಿ ಚಳಿಗಾಲದಲ್ಲಿ ಉತ್ತರದ ಕಿಟಕಿಗೆ ನೇರ ಬಿಸಿಲೇ ಬೀಳುವುದಿಲ್ಲ. ಇಂಟರ್ನೆಟ್ಟಿನಲ್ಲಿ ಓದುವ ಸಲಹೆಗಳು ಹೆಚ್ಚಾಗಿ ಅಂಥ ಊರುಗಳಿಗೆ ಬರೆದವು. ಲಂಡನ್, ಟೊರೊಂಟೊ ಕಡೆ ಇರುವ ಕನ್ನಡಿಗರು ಅದನ್ನು ಪಾಲಿಸಬಹುದು.

ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ನವೆಂಬರ್‌ನಿಂದ ಜನವರಿವರೆಗೆ ದಕ್ಷಿಣಕ್ಕೆ ವಾಲಿ, ದಕ್ಷಿಣದ ಕಿಟಕಿಯಿಂದ ಒಳಗೆ ಇಣುಕುತ್ತಾನೆ. ಹಾಗಾಗಿ ನಮ್ಮಲ್ಲಿ ಉತ್ತರ–ದಕ್ಷಿಣದ ವ್ಯತ್ಯಾಸಕ್ಕಿಂತ ಪೂರ್ವ–ಪಶ್ಚಿಮದ ವ್ಯತ್ಯಾಸ ಜಾಸ್ತಿ. ಪಶ್ಚಿಮದ ರೂಮಿಗೆ ಮೂರು ಗಂಟೆ ಮೇಲೆ ಚುರುಕು ಬಿಸಿಲು, ಸಂಜೆ ಕಿತ್ತಳೆ ಬೆಳಕು. ಅಲ್ಲಿ ಹಳದಿ, ಪೀಚ್ ಹೊಡೆಸಿದರೆ ಸಂಜೆ ಕಣ್ಣು ಕುಕ್ಕುತ್ತದೆ. ಬೂದು ಬೆರೆತ ಹಸಿರೋ ನೀಲಿಯೋ ಆ ರೂಮಿಗೆ ಒಳ್ಳೆಯದು. ಪೂರ್ವದ ರೂಮು ಬೆಳಿಗ್ಗೆ ಲಕಲಕ ಅನ್ನುತ್ತದೆ, ಮಧ್ಯಾಹ್ನದ ಮೇಲೆ ಮಂಕು. ಅದಕ್ಕೆ ಕೆನೆ ಬಣ್ಣ, ಗಂಧದ ಬಣ್ಣ ಹೊಂದುತ್ತದೆ.

ಆದರೆ 30×40 ಸೈಟಿನ ಮನೆಗಳಲ್ಲಿ ದಿಕ್ಕಿಗಿಂತ ದೊಡ್ಡ ವಿಷಯ ಒಂದಿದೆ. ಪಕ್ಕದ ಮನೆಯ ಗೋಡೆ! ಎರಡು ಮೂರು ಅಡಿ ಆಚೆ ಅವರು ಗಿಳಿಹಸಿರು ಹೊಡೆಸಿದ್ದರೆ, ನಿಮ್ಮ ರೂಮಿಗೆ ಬರುವ ಬೆಳಕೂ ಹಸಿರೇ. ಅಂಥ ರೂಮಿಗೆ ಶುದ್ಧ ಬಿಳಿ ಹೊಡೆಸಿದರೆ ಆಸ್ಪತ್ರೆಯ ಹಾಗೆ ಕಾಣುತ್ತದೆ. ಸ್ವಲ್ಪ ಕೆಂಪು ಛಾಯೆ ಇರುವ ಬಿಳಿ ಆ ಹಸಿರನ್ನು ತಗ್ಗಿಸುತ್ತದೆ.

ಹಗಲು ಚೆನ್ನಾಗಿರುತ್ತದೆ, ರಾತ್ರಿ ಬಣ್ಣ ಸತ್ತುಹೋಗುತ್ತದೆ. ಏನು ಮಾಡಲಿ?

ಪೇಂಟ್ ಬಿಡಿ, ಬಲ್ಬ್ ಬದಲಿಸಿ. ನಮ್ಮ ಅಂಗಡಿಗಳಲ್ಲಿ ಬಲ್ಬ್ ಕೇಳಿದರೆ ಸುಮ್ನೆ ಕೊಡುವುದು 6500 ಕೆಲ್ವಿನ್‌ನದು, ಡಬ್ಬಿ ಮೇಲೆ ಕೂಲ್ ಡೇಲೈಟ್ ಎಂದಿರುತ್ತದೆ. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಬೆಳಕು ನೀಲಿ ಕಡೆಗೆ. ಆ ನೀಲಿ ಬೆಳಕಿನಲ್ಲಿ ಕೆನೆ, ಇಟ್ಟಿಗೆ, ಮರದ ಬಣ್ಣ ಎಲ್ಲ ಬಾಡಿದ ಹಾಗೆ ಕಾಣುತ್ತವೆ. ಹಾಲ್‌ಗೆ, ಬೆಡ್‌ರೂಮಿಗೆ 3000 ಕೆಲ್ವಿನ್‌ನ ವಾರ್ಮ್ ವೈಟ್ ಹಾಕಿ. ಅಡುಗೆಮನೆ, ಮಕ್ಕಳು ಓದುವ ಟೇಬಲ್ಲಿಗೆ 4000 ಸಾಕು.

ಡಬ್ಬಿ ಮೇಲೆ ಸಿಆರ್‌ಐ ಎಂಬ ಇನ್ನೊಂದು ಸಂಖ್ಯೆ ಇರುತ್ತದೆ. ಬೆಳಕಿನಲ್ಲಿ ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಎಂಬ ಅಳತೆ ಅದು, ಪೂರ್ಣಾಂಕ 100. 80 ಸಾಧಾರಣ, 90 ದಾಟಿದರೆ ಉತ್ತಮ. ಕಡಿಮೆ ಸಿಆರ್‌ಐ ಬಲ್ಬಿನಲ್ಲಿ ಮೊದಲು ಹೊಡೆತ ಬೀಳುವುದು ಕೆಂಪಿಗೆ. ಟೊಮೆಟೊ, ಬ್ಯಾಡಗಿ ಮೆಣಸಿನಪುಡಿ, ಮನುಷ್ಯರ ಮುಖ ಎಲ್ಲ ಕಳೆಗುಂದುತ್ತವೆ.

ರೆಡ್ ಆಕ್ಸೈಡ್ ನೆಲ ಇದೆ. ಯಾವ ಗೋಡೆ ಬಣ್ಣ ಹೊಂದುತ್ತದೆ?

ಅದೃಷ್ಟವಂತರು. ಸಿಮೆಂಟಿಗೆ ಕಬ್ಬಿಣದ ಆಕ್ಸೈಡ್ ಪುಡಿ ಬೆರೆಸಿ, ತೇಯ್ದು ತೇಯ್ದು ಹೊಳಪು ಬರಿಸಿದ ನೆಲ ಅದು. ಈಗ ಅದನ್ನು ಚೆನ್ನಾಗಿ ಮಾಡುವ ಗಾರೆಯವರು ಸಿಗುವುದೇ ಕಷ್ಟ. ಅದರ ಮೇಲೆ ಟೈಲ್ಸ್ ಹಾಕಿಸುವ ಯೋಚನೆ ಇದ್ದರೆ ದಯವಿಟ್ಟು ಇನ್ನೊಮ್ಮೆ ಯೋಚಿಸಿ.

ಈ ನೆಲದ ಗುಣ ಏನೆಂದರೆ, ಬಿಸಿಲು ಬಿದ್ದಾಗ ಕೆಂಪು ಬೆಳಕನ್ನು ಗೋಡೆಗೆ ಎಸೆಯುತ್ತದೆ. ಬೆಳಿಗ್ಗೆ ಕಿಟಕಿಯ ಬಿಸಿಲು ನೆಲಕ್ಕೆ ಬಿದ್ದಾಗ ಬಿಳಿ ಗೋಡೆಯ ಕೆಳಭಾಗ ನೋಡಿ. ಮೊಣಕಾಲಿನ ಎತ್ತರದವರೆಗೆ ಗುಲಾಬಿ, ಮೇಲೆ ಹೋದಂತೆ ಬಿಳಿ. ಇಂಥ ರೂಮಿಗೆ ಕೆನೆ ಹೊಡೆಸಿದರೆ ಪೀಚ್ ಆಗುತ್ತದೆ. ಗಾಢ ಹಸಿರು ಹೊಡೆಸಿದರೆ ಮಣ್ಣುಮಣ್ಣಾಗುತ್ತದೆ. ಸುಣ್ಣದ ಬಿಳಿ, ಇಲ್ಲವೇ ಚೂರೇ ಚೂರು ಹಸಿರು ಛಾಯೆಯ ಬಿಳಿ ಸರಿ.

ಕರಾವಳಿಯ ಹಳೆ ಮನೆಗಳನ್ನು ನೋಡಿ. ಸುಣ್ಣದ ಗೋಡೆ, ಕೆಂಪು ನೆಲ, ಕಪ್ಪಾದ ಹಲಸಿನ ಮರದ ಬಾಗಿಲು, ಮೂರೇ ಬಣ್ಣ. ಕೆಲವು ಹಳೆ ಮನೆಗಳಲ್ಲಿ, ದೇವಸ್ಥಾನಗಳಲ್ಲಿ ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಕಾವಿ ಚಿತ್ತಾರ ಇರುತ್ತದೆ. ಅಲ್ಲೂ ಬಿಳಿ ಮತ್ತು ಕೆಂಪು, ಅಷ್ಟೇ. ಎಷ್ಟು ಕಡಿಮೆ ಬಣ್ಣದಲ್ಲಿ ಎಷ್ಟು ತುಂಬಿದ ಹಾಗೆ ಕಾಣುತ್ತದೆ ನೋಡಿ.

ನಮ್ಮದು ಫ್ಲ್ಯಾಟಿನ ವಿಟ್ರಿಫೈಡ್ ಟೈಲ್ಸ್. ಅದಕ್ಕೇನು?

ಬಿಲ್ಡರುಗಳು ಹಾಕುವ ಟೈಲ್ಸ್ ಬಹುಪಾಲು ಐವರಿ, ಅಂದರೆ ಹಳದಿ ಕಡೆಗಿರುವ ಬಿಳಿ. ಅದರ ಪಕ್ಕ ನೀಲಿ ಛಾಯೆಯ ಬೂದು ಗೋಡೆ ಬಂದರೆ ಟೈಲ್ಸ್ ಕೊಳೆಯಾದ ಹಾಗೆ ಹಳದಿಯಾಗಿ ಕಾಣುತ್ತದೆ, ಗೋಡೆ ಪೇಂಟೇ ಕಾಣದ ಸಿಮೆಂಟಿನ ಹಾಗೆ ಕಾಣುತ್ತದೆ. ಬೂದು ಬೇಕೇ ಬೇಕು ಅಂದರೆ ಕಂದು ಬೆರೆತ ಬೂದು ತೆಗೆದುಕೊಳ್ಳಿ. ಶಹಾಬಾದ್ ಕಲ್ಲು, ಕಡಪ ಕಲ್ಲಿನ ನೆಲ ಇದ್ದವರಿಗೆ ಈ ತಾಪತ್ರಯ ಇಲ್ಲ. ಬಹುತೇಕ ಎಲ್ಲ ಬಣ್ಣವೂ ಅವುಗಳ ಜೊತೆ ನಿಲ್ಲುತ್ತದೆ.

ಸುಮ್ನೆ ಎಲ್ಲ ಕಡೆ ಬಿಳಿ ಹೊಡೆಸಿಬಿಟ್ಟರೆ ತಲೆನೋವೇ ಇರಲ್ಲ, ಅಲ್ವಾ?

ಯಾವ ಬಿಳಿ ಅನ್ನುವ ತಲೆನೋವು ಶುರುವಾಗುತ್ತದೆ! ಹಿಂದೆ ಸುಣ್ಣ ಹೊಡೆಯುವಾಗ ಬಕೆಟಿಗೆ ಚೂರು ಬಟ್ಟೆಯ ನೀಲಿ ಹಾಕುತ್ತಿದ್ದರು. ಸುಣ್ಣದ ಹಳದಿ ಛಾಯೆ ಹೋಗಿ ಬೆಳ್ಳಗೆ ಕಾಣಲಿ ಅಂತ. ಈಗಿನ ಡಬ್ಬಿಗಳಲ್ಲೂ ಅದೇ ಎರಡು ಜಾತಿ: ನೀಲಿ ಕಡೆಯ ಬಿಳಿ, ಹಳದಿ ಕಡೆಯ ಬಿಳಿ. ಸೀಲಿಂಗಿಗೆ ಒಂದು, ಗೋಡೆಗೆ ಇನ್ನೊಂದು ಜಾತಿ ಬಂದರೆ ಒಂದು ಹಳೆಯದಾದ ಹಾಗೆ ಕಾಣುತ್ತದೆ. ಪೇಂಟರಿಗೆ ಬರೀ ವೈಟ್ ತನ್ನಿ ಎಂದು ಹೇಳಬೇಡಿ, ಶೇಡ್ ಹೆಸರು ಹೇಳಿ.

ಕತ್ತಲೆ ರೂಮಿಗೆ ಬಿಳಿ ಹೊಡೆದರೆ ಬೆಳಕು ಬರುತ್ತದೆ ಅನ್ನುವುದೂ ಅರ್ಧ ಸತ್ಯ. ಇರುವ ಬೆಳಕನ್ನು ಬಿಳಿ ಹಿಂದಕ್ಕೆ ಕೊಡುತ್ತದೆ. ಬೆಳಕೇ ಇಲ್ಲದ ಕಡೆ ಬಿಳಿ ಗೋಡೆ ಬೂದಿಯಾಗಿ ಕಾಣುತ್ತದೆ. ಅಲ್ಲಿ ಸಾಸಿವೆ, ಟೆರಾಕೋಟಾದಂಥ ಬಣ್ಣವೇ ವಾಸಿ.

ಚಿಕ್ಕ ರೂಮಿಗೆ ಗಾಢ ಬಣ್ಣ ಹೊಡೆಸಿದರೆ ಇನ್ನೂ ಚಿಕ್ಕದಾಗಲ್ವಾ?

ಆಗಬೇಕೆಂದೇನಿಲ್ಲ. ರೂಮನ್ನು ಚಿಕ್ಕದು ಮಾಡುವುದು ಗೆರೆಗಳು. ಗಾಢ ಗೋಡೆ, ಬಿಳಿ ಸೀಲಿಂಗ್, ಕಂದು ಬಾಗಿಲು, ಬಿಳಿ ಕಿಟಕಿ ಎಂದು ತುಂಡು ತುಂಡು ಮಾಡಿದರೆ ಕಣ್ಣು ಪ್ರತಿ ಅಂಚಿನಲ್ಲೂ ನಿಲ್ಲುತ್ತದೆ. ಗೋಡೆ, ಲಾಫ್ಟ್ ಬಾಗಿಲು, ವಾರ್ಡ್ರೋಬ್ ಎಲ್ಲ ಒಂದೇ ಬಣ್ಣಕ್ಕೆ ಹತ್ತಿರ ಇದ್ದರೆ ರೂಮು ಬಿಡುವಾಗಿ ಕಾಣುತ್ತದೆ. ಬಿಳಿ ಸೀಲಿಂಗಿಗೆ ಕಂದು ಫ್ಯಾನ್ ಹಾಕುವ ಅಭ್ಯಾಸ ನಮ್ಮಲ್ಲಿ ಯಾಕೆ ಬಂತೋ ಗೊತ್ತಿಲ್ಲ. ಬಿಳಿ ಫ್ಯಾನ್ ಹಾಕಿ ನೋಡಿ, ಸೀಲಿಂಗ್ ಎತ್ತರವಾದ ಹಾಗೆ ಅನ್ನಿಸುತ್ತದೆ.

ಹೈಲೈಟ್ ಗೋಡೆ (ಉಳಿದವುಗಳಿಗಿಂತ ಬೇರೆ, ಗಾಢ ಬಣ್ಣದ ಒಂದು ಗೋಡೆ) ಯಾವುದು ಆಗಬೇಕು?

ಒಳಗೆ ಕಾಲಿಟ್ಟ ತಕ್ಷಣ ಎದುರಿಗೆ ಕಾಣುವ, ಬಾಗಿಲು ಕಿಟಕಿ ಇಲ್ಲದ ಗೋಡೆ. ಕಿಟಕಿ ಇರುವ ಗೋಡೆಗೆ ಮಾತ್ರ ಗಾಢ ಬಣ್ಣ ಬೇಡ. ಹೊರಗಿನ ಬಿಸಿಲಿಗೂ ಗೋಡೆಯ ಕತ್ತಲಿಗೂ ಅಂತರ ಹೆಚ್ಚಿ ಕಣ್ಣಿಗೆ ಆಯಾಸ. ಟಿವಿ ಗೋಡೆ ಗಾಢ ಇರಬಹುದು, ಆದರೆ ಮ್ಯಾಟ್ ಇರಲಿ, ಹೊಳೆಯುವ ಫಿನಿಶ್ ಬೇಡ.

60–30–10 ಸೂತ್ರ ಪಾಲಿಸಲೇಬೇಕಾ?

ಒಂದು ಬಣ್ಣ ಮುಖ್ಯ, ಎರಡನೆಯದು ಅದರರ್ಧ, ಮೂರನೆಯದು ಚಿಟಿಕೆ ಅನ್ನುವ ಅಂದಾಜು ಅದು. ಟೇಪ್ ಹಿಡಿದು ಅಳೆಯಬೇಕಿಲ್ಲ. ನೆಲವನ್ನು ಮಾತ್ರ ಲೆಕ್ಕದಲ್ಲಿ ಸೇರಿಸಿ, ಬಹಳ ಜನ ಮರೆಯುವುದು ಅದನ್ನೇ.

ವಾಸ್ತು ಪ್ರಕಾರ ಬಣ್ಣ ಆಗಬೇಕು ಅಂತ ಅತ್ತೆ ಹೇಳುತ್ತಾರೆ. ನನಗೆ ಆ ಬಣ್ಣ ಇಷ್ಟ ಇಲ್ಲ.

ಜಗಳ ಬೇಡ, ದಾರಿ ಇದೆ. ವಾಸ್ತು ಹೇಳುವವರ ಪಟ್ಟಿಗಳೇ ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ, ಮತ್ತೆ ಬಣ್ಣದ ಹೆಸರು ಹೇಳುತ್ತಾರೆಯೇ ಹೊರತು ಎಷ್ಟು ಗಾಢ ಎಂದು ಸಾಮಾನ್ಯವಾಗಿ ಹೇಳುವುದಿಲ್ಲ. ಆಗ್ನೇಯದ ಅಡುಗೆಮನೆಗೆ ಕೆಂಪು, ಕೇಸರಿ ಅಂದರೆ ಗೋಡೆಗೆಲ್ಲ ಕೇಸರಿ ಹೊಡೆಯಬೇಕಿಲ್ಲ. ಕೇಸರಿಯ ಒಂದು ಹನಿ ಬಿದ್ದ ಬಿಳಿ ಗೋಡೆ, ಮೇಲಿನ ಎರಡು ಶಟರಿಗೆ ಇಟ್ಟಿಗೆ ಬಣ್ಣದ ಲ್ಯಾಮಿನೇಟ್ ಸಾಕು. ಈಶಾನ್ಯಕ್ಕೆ ತಿಳಿ ಬಣ್ಣ ಇರಲಿ ಅನ್ನುವುದಕ್ಕೆ ಯಾರೂ ತಕರಾರು ಮಾಡಬೇಕಾಗಿಲ್ಲ. ಮನೆಯಲ್ಲಿ ಇಡೀ ದಿನ ಇರುವವರು ಅತ್ತೆಯೇ ಆದರೆ, ಅವರ ಮನಸ್ಸಿಗೆ ಹಿತವಾಗುವುದೂ ಒಂದು ಲೆಕ್ಕವೇ.

ನೀಲಿ ಬಣ್ಣ ಮನಸ್ಸಿಗೆ ಶಾಂತಿ, ಕೆಂಪು ಸಿಟ್ಟು ತರಿಸುತ್ತದೆ ಅನ್ನುತ್ತಾರಲ್ಲ?

ಅಷ್ಟು ಸರಳವಾಗಿಲ್ಲ. ಬಣ್ಣದ ಹೆಸರಿಗಿಂತ ಅದು ಎಷ್ಟು ಗಾಢ, ಎಷ್ಟು ಜೋರು ಅನ್ನುವುದು ಮುಖ್ಯ. ಎಲೆಕ್ಟ್ರಿಕ್ ನೀಲಿಯ ಬೆಡ್‌ರೂಮಿನಲ್ಲಿ ಯಾರಿಗೂ ಶಾಂತಿ ಸಿಗಲಾರದು. ಮಂಕು ಕೆಮ್ಮಣ್ಣಿನ ಗೋಡೆಯ ರೂಮಿನಲ್ಲಿ ಹಾಯಾಗಿ ನಿದ್ದೆ ಬರುತ್ತದೆ.

ಅಡುಗೆಮನೆ, ದೇವರಮನೆಗೆ?

ಒಗ್ಗರಣೆಯ ಜಿಡ್ಡು, ಅರಿಶಿನದ ಕಲೆ, ದೀಪದ ಮಸಿ, ಕರ್ಪೂರದ ಹೊಗೆ. ಇಲ್ಲಿ ಬಣ್ಣಕ್ಕಿಂತ ಫಿನಿಶ್ ಮುಖ್ಯ. ಒರೆಸಿ ತೊಳೆಯಬಹುದಾದ ಎಮಲ್ಷನ್ ಹೊಡೆಸಿ, ಮ್ಯಾಟ್ ಬೇಡ. ದೀಪ ಇಡುವ ಗೂಡಿನ ಮೇಲ್ಭಾಗಕ್ಕೆ ಕಲ್ಲೋ ಟೈಲ್ಸೋ ಇದ್ದರೆ ಮಸಿ ಒರೆಸುವುದು ಸುಲಭ. ಒಲೆಯ ಹಿಂದಿನ ಟೈಲ್ಸ್ ಬಿಳಿಯಾಗಿದ್ದರೆ ಅವುಗಳ ನಡುವಿನ ಗ್ರೌಟ್ ಬಿಳಿ ಬೇಡ. ಅರಿಶಿನ ಮೊದಲು ಹಿಡಿಯುವುದು ಅಲ್ಲೇ.

ಮನೆಯಲ್ಲಿ ವಯಸ್ಸಾದವರಿದ್ದಾರೆ, ಮಕ್ಕಳಿದ್ದಾರೆ. ಬಣ್ಣದಲ್ಲಿ ಏನಾದರೂ ಗಮನಿಸಬೇಕಾ?

ಖಂಡಿತ, ಮತ್ತು ಇದನ್ನು ಕೇಳುವವರು ಕಡಿಮೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ. ಕಡುನೀಲಿ ಯಾವುದು, ಕಪ್ಪು ಯಾವುದು ಎಂದು ಗುರುತಿಸುವುದು ಕಷ್ಟವಾಗುತ್ತದೆ. ತಿಳಿ ಬಣ್ಣಗಳ ನಡುವಿನ ಸಣ್ಣ ವ್ಯತ್ಯಾಸವೂ ಕಾಣುವುದಿಲ್ಲ. ಬಿಳಿ ಟೈಲ್ಸ್, ಬಿಳಿ ಗೋಡೆ, ಬಿಳಿ ಕಮೋಡ್ ಇರುವ ಬಾತ್‌ರೂಮ್ ಫೋಟೋದಲ್ಲಿ ಸೊಗಸು. ಅಜ್ಜನಿಗೆ ಮಾತ್ರ ಕಮೋಡಿನ ಅಂಚು ಎಲ್ಲಿ ಎಂದು ತಿಳಿಯುವುದಿಲ್ಲ. ನೆಲ ಗಾಢ ಮಾಡಿ, ಹಿಡಿಕೆ ಗೋಡೆಗಿಂತ ಬೇರೆ ಬಣ್ಣದ್ದಿರಲಿ. ಮೆಟ್ಟಿಲಿನ ತುದಿಗೆ ಬೇರೆ ಬಣ್ಣದ ಪಟ್ಟಿ ಹಾಕಿಸಿ.

ಮಕ್ಕಳ ವಿಷಯದಲ್ಲಿ ಕಾಳಜಿ ಬೇಕಾದ್ದು ಹಳೆ ಪೇಂಟ್ ಬಗ್ಗೆ. 2016ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ, 2017ರ ನವೆಂಬರ್‌ನಿಂದ ಮನೆಗೆ ಬಳಸುವ ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರುವಂತಿಲ್ಲ. ಅದಕ್ಕಿಂತ ಹಳೆಯ ಆಯಿಲ್ ಪೇಂಟ್‌ನಲ್ಲಿ ಸೀಸ ಇರಬಹುದು. ಹಳೆ ಕಿಟಕಿ, ಗ್ರಿಲ್, ಬಾಗಿಲು ಒಣದಾಗಿ ಉಜ್ಜಿಸಬೇಡಿ. ಒದ್ದೆ ಮಾಡಿ ಉಜ್ಜಿಸಿ, ಮಕ್ಕಳು ಮತ್ತು ಗರ್ಭಿಣಿಯರನ್ನು ಆ ದಿನಗಳಲ್ಲಿ ಬೇರೆ ಕಡೆ ಇರಿಸಿ.

ಮಲೆನಾಡು, ಕರಾವಳಿ ಕಡೆ ಗೋಡೆ ಮಳೆಗಾಲದಲ್ಲಿ ಕಪ್ಪಾಗುತ್ತದೆ. ಗಾಢ ಬಣ್ಣ ಹೊಡೆದರೆ ಮುಚ್ಚುತ್ತದಾ?

ಕಣ್ಣಿಗೆ ಮುಚ್ಚುತ್ತದೆ, ಬೂಷ್ಟು ಅಡಿಯಲ್ಲಿ ಬೆಳೆಯುತ್ತಲೇ ಇರುತ್ತದೆ. ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ಹುಡುಕಿ. ಸಜ್ಜಾನಾ, ಪೈಪಾ, ನೆಲದಿಂದ ಏರುವ ತೇವವಾ? ಅದು ನಿಂತು ಗೋಡೆ ಒಣಗಿದ ಮೇಲೆ ಬಣ್ಣದ ಮಾತು. ಸುಣ್ಣ ಕ್ಷಾರ ಗುಣದ್ದು, ಬೂಷ್ಟು ಬೇಗ ಹತ್ತುವುದಿಲ್ಲ, ಗೋಡೆಯ ತೇವ ಹೊರಹೋಗಲು ಬಿಡುತ್ತದೆ. ಹಳೆಯ ಮಣ್ಣಿನ ಅಥವಾ ಮುರಕಲ್ಲಿನ ಗೋಡೆಗೆ ಇವತ್ತಿಗೂ ಸುಣ್ಣವೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಬಾಡಿಗೆ ಮನೆ. ಓನರ್ ಗೋಡೆ ಮುಟ್ಟಲು ಬಿಡುವುದಿಲ್ಲ.

ಗೋಡೆ ಬಿಡಿ, ಬಟ್ಟೆ ಹಿಡಿಯಿರಿ. ನವಲಗುಂದದ ಜಮಖಾನ ಒಂದು ಹಾಸಿದರೆ ಅದರ ನವಿಲು, ಪಗಡೆ ಹಾಸಿನ ವಿನ್ಯಾಸವೇ ಹಾಲ್ ತುಂಬುತ್ತದೆ. ಗುಳೇದಗುಡ್ಡದ ಖಣದಲ್ಲಿ ದಿಂಬಿನ ಕವರ್ ಹೊಲಿಸಿ. ಆಫ್‌ವೈಟ್ ಗೋಡೆಯ ಎದುರು ಆ ಬಣ್ಣಗಳು ಎದ್ದು ಕಾಣುತ್ತವೆ. ಪರದೆಯನ್ನು ಕಿಟಕಿಯ ಮೇಲಂಚಿಗಲ್ಲ, ಆದಷ್ಟು ಸೀಲಿಂಗಿನ ಹತ್ತಿರ ತೂಗುಹಾಕಿ, ನೆಲದವರೆಗೆ ಬರಲಿ. ಅದೇ ನಿಮ್ಮ ಬಣ್ಣದ ಗೋಡೆ.

ಗೃಹಪ್ರವೇಶ ಮುಂದಿನ ತಿಂಗಳು. ಪ್ಲಾಸ್ಟರ್ ಈಗಷ್ಟೇ ಆಗಿದೆ. ಬಣ್ಣ ಹೊಡೆಸಬಹುದಾ?

ಸಿಮೆಂಟ್ ಪ್ಲಾಸ್ಟರಿಗೆ ಕಡೇಪಕ್ಷ 28 ದಿನ ಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಹಸಿ ಪ್ಲಾಸ್ಟರಿನ ಕ್ಷಾರ ಬಣ್ಣವನ್ನು ತಿಂದು ಅಲ್ಲಲ್ಲಿ ಬಿಳಿಚಿಸುತ್ತದೆ, ಉಪ್ಪು ಹೊರಬಂದು ಪೇಂಟ್ ಏಳುತ್ತದೆ. ಮುಹೂರ್ತ ಬದಲಿಸಲು ಆಗದಿದ್ದರೆ ಪ್ರೈಮರ್ ಹೊಡೆಸಿ ಅಲ್ಲಿಗೇ ನಿಲ್ಲಿಸಿ. ಬಿಳಿ ಪ್ರೈಮರಿನ ಗೋಡೆ, ಮಾವಿನ ತೋರಣ, ಚೆಂಡುಹೂವಿನ ಹಾರ ಇದ್ದರೆ ಬಂದ ನೆಂಟರಿಗೆ ಗೊತ್ತೂ ಆಗುವುದಿಲ್ಲ. ಬಣ್ಣವನ್ನು ಒಕ್ಕಲಾಗಿ ಕೆಲವು ವಾರ ಆದ ಮೇಲೆ ಹೊಡೆಸಿದರೆ ಇನ್ನೊಂದು ಲಾಭ: ಆ ಮನೆಯ ಬೆಳಕು ಹೇಗಿದೆ ಎಂದು ಅಷ್ಟರಲ್ಲಿ ತಿಳಿದಿರುತ್ತದೆ.

ಎಷ್ಟು ಲೀಟರ್ ಬೇಕು? ಗಾಢ ಬಣ್ಣಕ್ಕೆ ಖರ್ಚು ಜಾಸ್ತಿನಾ?

10×12 ಅಡಿ ರೂಮು, 10 ಅಡಿ ಎತ್ತರ ಅಂದುಕೊಳ್ಳಿ. ಗೋಡೆಗಳು 440 ಚದರ ಅಡಿ, ಬಾಗಿಲು ಕಿಟಕಿ ಕಳೆದು ಸುಮಾರು 400. ಚೆನ್ನಾಗಿ ಪುಟ್ಟಿ, ಪ್ರೈಮರ್ ಆದ ಗೋಡೆಗೆ ಒಂದು ಲೀಟರ್ ಎಮಲ್ಷನ್ ಎರಡು ಕೋಟಿಗೆ 60ರಿಂದ 70 ಚದರ ಅಡಿ ಬರುತ್ತದೆ. ಅಂದರೆ 6ರಿಂದ 7 ಲೀಟರ್.

ಗಾಢ ಬಣ್ಣಕ್ಕೆ ಖರ್ಚು ಜಾಸ್ತಿಯೇ. ಟಿಂಟ್ ಬೆರೆಸುವ ಮುಂಚಿನ ಅದರ ಮೂಲ ಪೇಂಟ್, ಅಂದರೆ ಬೇಸ್‌ನಲ್ಲಿ ಬಿಳಿ ಪಿಗ್ಮೆಂಟ್ ಕಡಿಮೆ, ಹಾಗಾಗಿ ಅಡಿಯ ಗೋಡೆಯನ್ನು ಮುಚ್ಚುವ ಶಕ್ತಿಯೂ ಕಡಿಮೆ. ಅಚ್ಚ ಕೆಂಪು, ಅಚ್ಚ ಹಳದಿಗೆ ಮೂರು ನಾಲ್ಕು ಕೋಟ್ ಬೇಕಾದೀತು. ಪ್ರೈಮರಿಗೇ ಸ್ವಲ್ಪ ಬಣ್ಣ ಬೆರೆಸಿ ಹೊಡೆಸಿದರೆ ಒಂದು ಕೋಟ್ ಉಳಿಯುತ್ತದೆ. ಒಂದಕ್ಕಿಂತ ಹೆಚ್ಚು ಡಬ್ಬಿ ತಂದಿದ್ದರೆ ಎಲ್ಲವನ್ನೂ ದೊಡ್ಡ ಬಕೆಟ್‌ಗೆ ಸುರಿದು ಕಲಸಿಕೊಳ್ಳಲು ಹೇಳಿ. ಬೇರೆ ಬೇರೆ ಸಲ ಟಿಂಟ್ ಮಾಡಿದ ಡಬ್ಬಿಗಳಲ್ಲಿ ಕೂದಲೆಳೆ ವ್ಯತ್ಯಾಸ ಇದ್ದರೂ ಗೋಡೆ ನಡುವೆ ಎದ್ದು ಕಾಣುತ್ತದೆ.

ಉಳಿದ ಪೇಂಟ್ ಏನು ಮಾಡಬೇಕು?

ಚಿಕ್ಕ ಡಬ್ಬಿಗೆ ಅಂಚಿನವರೆಗೆ ತುಂಬಿ ಮುಚ್ಚಳ ಬಿಗಿಯಾಗಿ ಹಾಕಿ. ಒಳಗೆ ಗಾಳಿ ಕಡಿಮೆ ಇದ್ದಷ್ಟೂ ಕೆನೆಗಟ್ಟುವುದು ಕಡಿಮೆ. ಡಬ್ಬಿ ಮೇಲೆ ಶೇಡ್ ನಂಬರು, ಫಿನಿಶ್, ಯಾವ ರೂಮು ಎಂದು ಮಾರ್ಕರಿನಲ್ಲಿ ಬರೆದಿಡಿ. ಟಚ್‌ಅಪ್ ಮಾಡುವಾಗ ಗೋಡೆಗೆ ಮೊದಲು ರೋಲರ್ ಬಳಸಿದ್ದರೆ ಈಗಲೂ ಚಿಕ್ಕ ರೋಲರ್‌ನಿಂದಲೇ ಹಚ್ಚಿ. ಬ್ರಷ್‌ನ ಗುರುತು ಬೇರೆಯಾಗಿ ಕಾಣುತ್ತದೆ. ತಿಳಿ ಮ್ಯಾಟ್ ಗೋಡೆಯಲ್ಲಿ ತೇಪೆ ಗೊತ್ತಾಗುವುದಿಲ್ಲ. ಗಾಢ ಬಣ್ಣದಲ್ಲೋ ಹೊಳೆಯುವ ಫಿನಿಶ್‌ನಲ್ಲೋ ಗೊತ್ತಾಗಿಯೇ ಆಗುತ್ತದೆ, ಅಲ್ಲಿ ಮೂಲೆಯಿಂದ ಮೂಲೆಗೆ ಆ ಒಂದು ಗೋಡೆಯನ್ನು ಪೂರ್ತಿ ಹೊಡೆಸುವುದೇ ಲೇಸು.